ಒತ್ತಕ್ಷರ ಕತ್ತರಿಸಿಹೋದ ವೆಬ್‌ಸೈಟ್

ಗಾಂಧಿ ಬಜಾರಿನ ಹತ್ತಿರದ ಒಂದು ಚಿಕ್ಕ ಪ್ರಕಾಶನದ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಹೊಸ ವಿನ್ಯಾಸ ಬಂದ ವಾರವೇ ಮಾಲೀಕರ ಫೋನ್ ಬಂತು: "ಮೊಬೈಲಿನಲ್ಲಿ ಪುಸ್ತಕದ ಹೆಸರುಗಳ ಒತ್ತಕ್ಷರ ಅರ್ಧಕ್ಕೇ ಕತ್ತರಿಸಿಹೋಗುತ್ತಿದೆ, ಬಂದು ನೋಡಿ ಸರ್." ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ನೆಟ್ಟಗಿತ್ತು. ಇಂಥ ಹೊತ್ತಿನಲ್ಲಿ ಕೋಡ್ ತೆರೆದು ಊಹಿಸುತ್ತ ಕೂರುವುದು ನನಗೆ ಒಗ್ಗದು. ದೋಷ ಯಾವ ಫೋನಿನಲ್ಲಿ ಕಾಣುತ್ತದೆಯೋ ಅದರಲ್ಲೇ ಅದನ್ನು ಹಿಡಿಯಬೇಕು.

ಅವರ ಆಂಡ್ರಾಯ್ಡ್ ಫೋನಿನಲ್ಲಿ ಯುಎಸ್‌ಬಿ ಡಿಬಗಿಂಗ್ (ಫೋನನ್ನು ಕೇಬಲ್ ಮೂಲಕ ಲ್ಯಾಪ್‌ಟಾಪಿನಿಂದ ಪರೀಕ್ಷಿಸಲು ಬಿಡುವ ಸೌಲಭ್ಯ) ಚಾಲೂ ಮಾಡಿ, ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಪುಟ ತೆರೆದೆ. ಫೋನಿನಲ್ಲಿರುವ ಪುಟ ಹಾಗೆಯೇ ಡೆವಲಪರ್ ಟೂಲ್ಸ್‌ನ, ಅಂದರೆ ಪುಟವನ್ನು ಬಿಚ್ಚಿ ನೋಡುವ ಬ್ರೌಸರಿನ ಸಲಕರಣೆಗಳ, ಕೈಗೆ ಸಿಗುತ್ತದೆ. "ರಾಷ್ಟ್ರ" ಎಂಬ ಪದವಿದ್ದ ಶೀರ್ಷಿಕೆಯನ್ನು ಆರಿಸಿದೆ. ಸ್ಟೈಲ್ಸ್‌ನಲ್ಲಿ ಸಾಲಿನ ಎತ್ತರ ಅಕ್ಷರದ ಅಳತೆಯ 1.1 ಪಟ್ಟು, ಅದರ ಮೇಲೆ ಓವರ್‌ಫ್ಲೋ ಹಿಡನ್ (ಚೌಕಟ್ಟಿನಿಂದ ಹೊರಚಾಚಿದ್ದನ್ನು ಮರೆಮಾಡುವ ಆಜ್ಞೆ) ಬೇರೆ. ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ. "ಷ"ದ ಕೆಳಗೆ ಟ, ರ ಎರಡೂ ಒತ್ತುಗಳು ನಿಲ್ಲಲು ಅಲ್ಲಿ ಜಾಗವೇ ಇರಲಿಲ್ಲ.

ಹಾಗಾದರೆ ನನ್ನ ಲ್ಯಾಪ್‌ಟಾಪಿನಲ್ಲಿ ಏಕೆ ಸರಿಯಿತ್ತು? ಕಂಪ್ಯೂಟೆಡ್ ಟ್ಯಾಬಿನ ತಳದಲ್ಲಿ ರೆಂಡರ್ಡ್ ಫಾಂಟ್ಸ್ ಎಂಬ ಪುಟ್ಟ ಭಾಗವಿದೆ. ಕನ್ನಡ ಸೈಟು ಮಾಡುವವರು ಮೊದಲು ನೋಡಬೇಕಾದದ್ದು ಅದನ್ನೇ, ನೋಡುವವರು ಕಡಿಮೆ. ಪುಟದ ರೂಪ ಹೇಳುವ ಕೋಡ್ ಆದ ಸಿಎಸ್‌ಎಸ್‌ನಲ್ಲಿ ಕೇಳಿದ್ದು ರೋಬೋಟೋ ಫಾಂಟ್. ಅದರಲ್ಲಿ ಕನ್ನಡ ಲಿಪಿಯೇ ಇಲ್ಲ. ಹೀಗಾಗಿ ವಿಂಡೋಸ್ ನಿರ್ಮಲಾ ಯುಐ ಹಾಕಿತ್ತು, ಫೋನು ನೋಟೋ ಸಾನ್ಸ್ ಕನ್ನಡವನ್ನು. ಎರಡರ ಒತ್ತುಗಳು ಇಳಿಯುವ ಆಳವೂ ಬೇರೆ. ಸಾಲಿನ ಎತ್ತರವನ್ನು ಅಲ್ಲಿಯೇ ಆಲ್ಟ್ ಮತ್ತು ಬಾಣದ ಕೀಲಿ ಒತ್ತಿ 0.1ರಂತೆ ಏರಿಸುತ್ತ ಹೋದೆ. 1.6ಕ್ಕೆ ಒತ್ತುಗಳು ಪೂರ್ತಿ ಕಂಡವು. ಫಾಂಟನ್ನೂ ಸೈಟಿನಿಂದಲೇ ಕೊಡುವುದು ಒಳ್ಳೆಯದು. ಯುನಿಕೋಡ್‌ನ ಕನ್ನಡ ವ್ಯಾಪ್ತಿಯನ್ನು ನಮೂದಿಸಿದರೆ, ಪುಟದಲ್ಲಿ ಕನ್ನಡವಿದ್ದಾಗ ಮಾತ್ರ ಬ್ರೌಸರ್ ಆ ಕಡತವನ್ನು ಇಳಿಸಿಕೊಳ್ಳುತ್ತದೆ. ನೆಟ್‌ವರ್ಕ್ ಟ್ಯಾಬಿನಲ್ಲಿ ವೇಗವನ್ನು 3ಜಿಗೆ ಇಳಿಸಿ ಇದನ್ನೂ ಪರೀಕ್ಷಿಸಿದೆ.

ಪುಟ ಮರುಲೋಡ್ ಆದರೆ ಈ ಬದಲಾವಣೆಗಳೆಲ್ಲ ಮಾಯ. ಅದಕ್ಕೆ ಕ್ರೋಮ್‌ನಲ್ಲಿ ಲೋಕಲ್ ಓವರ್‌ರೈಡ್ಸ್ ಇದೆ: ತಿದ್ದಿದ ಕಡತ ನಮ್ಮ ಡಿಸ್ಕಿನಲ್ಲೇ ಉಳಿಯುತ್ತದೆ, ಸರ್ವರ್ ಮುಟ್ಟುವುದೇ ಬೇಡ. ಮಾಲೀಕರಿಗೆ ಅಲ್ಲೇ ಪುಟ ತೋರಿಸಿ ಒಪ್ಪಿಗೆ ಪಡೆದೆ. (2006ರಲ್ಲಿ ಜೋ ಹೆವಿಟ್ ಫೈರ್‌ಫಾಕ್ಸ್ ಬ್ರೌಸರಿಗೆ ಇಂಥದೇ ಸಲಕರಣೆಯಾದ ಫೈರ್‌ಬಗ್ ತಂದಾಗ ಇದೇ ಪವಾಡವೆನಿಸಿತ್ತು. ಅದಕ್ಕೆ ಮುಂಚೆ ದೋಷ ಹುಡುಕಲು ನಾವೇ ಕೋಡ್‌ನಲ್ಲಿ ಹಾಕಿದ ಅಲರ್ಟ್ ಪೆಟ್ಟಿಗೆಗಳನ್ನು ಮುಚ್ಚಿ ಮುಚ್ಚಿ ಬೆರಳು ನೋಯುತ್ತಿತ್ತು. 2017ರಲ್ಲಿ ಫೈರ್‌ಬಗ್ ನಿಂತರೂ ಅದು ಹಾಕಿಕೊಟ್ಟ ರೂಢಿಯಲ್ಲೇ ನಾವೆಲ್ಲ ಕೆಲಸ ಮಾಡುತ್ತಿದ್ದೇವೆ.)

ಎದ್ದು ಹೊರಡುವಷ್ಟರಲ್ಲಿ ಅಲ್ಲಿನ ಪ್ರೂಫ್ ತಿದ್ದುವ ಮೇಡಂ ಇನ್ನೊಂದನ್ನು ಎತ್ತಿದರು: "ಹುಡುಕಾಟದಲ್ಲಿ ರಾಜ್‌ಕುಮಾರ್ ಎಂದು ಹೊಡೆದರೆ ಒಂದು ಪುಸ್ತಕವೂ ಬರುವುದಿಲ್ಲ, ಪಟ್ಟಿಯಲ್ಲಿ ಇದೆಯಲ್ಲ!" ಅವರು ಹೊಡೆದ ಹೆಸರು, ಪಟ್ಟಿಯಲ್ಲಿದ್ದ ಹೆಸರು ಎರಡನ್ನೂ ಕನ್ಸೋಲಿಗೆ (ಆಜ್ಞೆ ಬರೆದು ನಡೆಸುವ ಜಾಗ) ಹಾಕಿ, ಅಕ್ಷರಗಳ ಕೋಡ್ ಸಂಖ್ಯೆ ಬಿಡಿಸಿ ನೋಡಿದೆ. ಅವರು ಹೊಡೆದದ್ದರಲ್ಲಿ ಜ್ ಮತ್ತು ಕು ನಡುವೆ ಯುನಿಕೋಡ್ ಸಂಖ್ಯೆ 200ಸಿ ಇತ್ತು, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ. ಪಟ್ಟಿಯಲ್ಲಿ ಅದು ಇರದೆ "ರಾಜ್ಕುಮಾರ್" ಎಂದು ಒತ್ತಾಗಿತ್ತು. ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರುಗಳು. ಹುಡುಕುವ ಮುನ್ನ ಎರಡೂ ಕಡೆಯಿಂದ 200ಸಿಯನ್ನು ತೆಗೆದುಹಾಕುವ ಒಂದು ಸಾಲು ಸೇರಿಸಿದೆ. ಮೇಡಂ ಪಟ್ಟಿಯಲ್ಲಿದ್ದ ಹೆಸರನ್ನು ನೋಡಿ, ಅದನ್ನೂ ತಿದ್ದಬೇಕು ಎಂದರು.