ಮೀನಿನ ನೀರಲ್ಲಿ ಸೊಪ್ಪು: ಮಾರಾಟಕ್ಕೆಂದೇ ಅಕ್ವಾಪೋನಿಕ್ಸ್ ಮಾಡುವುದು ಹೇಗೆ?

ಮೀನಿನ ತೊಟ್ಟಿಯ ನೀರನ್ನು ಗಿಡದ ಬೇರಿಗೆ ಹರಿಸುವುದು, ಗಿಡ ಸಾರ ಹೀರಿಕೊಂಡ ಮೇಲೆ ಅದೇ ನೀರನ್ನು ಮತ್ತೆ ಮೀನಿಗೆ ಬಿಡುವುದು. ಅಕ್ವಾಪೋನಿಕ್ಸ್ ಅಂದರೆ ಇಷ್ಟೇ. ಮಣ್ಣು ಬೇಡ, ಹೊರಗಿನ ಗೊಬ್ಬರ ತೀರಾ ಕಡಿಮೆ, ನೀರು ಸುತ್ತುತ್ತಲೇ ಇರುತ್ತದೆ. ಜಾಗಕ್ಕೂ ನೀರಿಗೂ ಬರ ಇರುವ ನಗರಗಳಿಗೆ ಇದು ಚೆನ್ನಾಗಿ ಒಗ್ಗುವ ಕೃಷಿ.

ಆದರೆ ತಾರಸಿಯಲ್ಲಿ ಹವ್ಯಾಸಕ್ಕೆ ನಾಲ್ಕು ಗಿಡ ಬೆಳೆಸುವುದು ಬೇರೆ, ಅದರಿಂದಲೇ ಜೀವನ ನಡೆಸುವುದು ಬೇರೆ. 2013ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ನಾನಾ ದೇಶಗಳ 257 ವಾಣಿಜ್ಯ ಬೆಳೆಗಾರರನ್ನು ವಿಚಾರಿಸಿದರು. ಹಿಂದಿನ 12 ತಿಂಗಳಲ್ಲಿ ಲಾಭ ಕಂಡವರು ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಎಷ್ಟೋ ಜನ ತೊಟ್ಟಿ, ಪೈಪು, ಪಂಪು ಎಲ್ಲಾ ತಂದಿಟ್ಟುಕೊಂಡು ಆಮೇಲೆ ಲೆಕ್ಕಕ್ಕೆ ಕೂರುತ್ತಾರೆ. ಲೆಕ್ಕ ಮೊದಲು ಆಗಬೇಕು.

ಕೊಳ್ಳುವವರಿಂದ ಶುರು ಮಾಡಿ

ಏನು ಬೆಳೆಯಬೇಕು ಅನ್ನುವುದಕ್ಕಿಂತ ಮೊದಲು ಯಾರು ಕೊಳ್ಳುತ್ತಾರೆ ಅನ್ನುವುದು ಗೊತ್ತಿರಲಿ. ವಾರಕ್ಕೆ ಎಷ್ಟು ಬೇಕು, ವರ್ಷಪೂರ್ತಿ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಹೆಚ್ಚಿನ ಫಾರಂಗಳಲ್ಲಿ ಮನೆ ನಡೆಸುವುದು ಸೊಪ್ಪು, ಮೀನಲ್ಲ. ಲೆಟ್ಯೂಸ್ ಸಸಿ ನೆಟ್ಟ ನಾಲ್ಕೈದು ವಾರಕ್ಕೆ ಕೊಯ್ಲಿಗೆ ಬರುತ್ತದೆ. ತಿಲಾಪಿಯಾ ಮೀನು ಮಾರುವ ಗಾತ್ರಕ್ಕೆ ಬರಲು ಸುಮಾರು ಆರು ತಿಂಗಳು ಬೇಕು. ಬೆಳಿಗ್ಗೆ ಕೊಯ್ದದ್ದನ್ನು ಮಧ್ಯಾಹ್ನದೊಳಗೆ ತಲುಪಿಸಬಲ್ಲಿರಿ ಅನ್ನುವುದೇ ನಗರದ ಬೆಳೆಗಾರನಿಗಿರುವ ದೊಡ್ಡ ಅನುಕೂಲ. ಹಾಗಾಗಿ ಬೇಗ ಬಾಡುವ ಬೆಳೆಯನ್ನೇ ಆರಿಸಿಕೊಳ್ಳಿ: ಲೆಟ್ಯೂಸ್, ಬೇಸಿಲ್, ಪುದೀನ.

ಮೇವಿನ ಲೆಕ್ಕವೇ ಫಾರಂ ಲೆಕ್ಕ

ಈ ಕೆಲಸದಲ್ಲಿ ಒಂದೇ ಒಂದು ಅಂಕಿ ನೆನಪಿಟ್ಟುಕೊಳ್ಳುವುದಾದರೆ, ಅದು ದಿನಕ್ಕೆ ಎಷ್ಟು ಮೇವು ಹಾಕುತ್ತೀರಿ ಅನ್ನುವುದು. ಗಿಡ ಉಣ್ಣುವುದು ಮೀನನ್ನಲ್ಲ, ಮೀನಿಗೆ ಹಾಕಿದ ಮೇವನ್ನು. ಸೊಪ್ಪಿನ ಬೆಳೆಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೇವು ಬೇಕು ಅನ್ನುತ್ತದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕೈಪಿಡಿ. ಟೊಮೆಟೊದಂಥ ಕಾಯಿ ಬೆಳೆಗೆ 50ರಿಂದ 80 ಗ್ರಾಂ.

ಈಗ ಲೆಕ್ಕ ಹಾಕಿ ನೋಡೋಣ. 100 ಚದರ ಮೀಟರ್ ಸೊಪ್ಪು ಅಂದುಕೊಳ್ಳಿ. 50 ಗ್ರಾಂನಂತೆ ದಿನಕ್ಕೆ 5 ಕಿಲೋ ಮೇವು. ಬೆಳೆಯುವ ಮೀನು ದಿನಕ್ಕೆ ತನ್ನ ತೂಕದ ಶೇ. 1ರಿಂದ 2ರಷ್ಟು ತಿನ್ನುತ್ತದೆ. ಶೇ. 1.5 ಅಂತ ಹಿಡಿದರೆ ಸುಮಾರು 330 ಕಿಲೋ ಮೀನು ತೊಟ್ಟಿಯಲ್ಲಿರಬೇಕು. ಸಾವಿರ ಲೀಟರಿಗೆ 20 ಕಿಲೋ ಮೀನು ಅಂದರೆ ತೊಟ್ಟಿಯ ಗಾತ್ರ ಸುಮಾರು 16,500 ಲೀಟರ್. ಇನ್ನು ಸೊಪ್ಪು. ಚದರ ಮೀಟರಿಗೆ 20 ಗಿಡದಂತೆ 2,000 ಗಿಡ. ಐದು ವಾರದ ಬೆಳೆ ಆದರೆ ವಾರಕ್ಕೆ 400 ಗಿಡ ಕೊಯ್ಲು. ಆ 400ಕ್ಕೆ ಗಿರಾಕಿ ಇದ್ದಾರಾ? ಇಲ್ಲ ಅಂದರೆ ಸುಮ್ನೆ ದೊಡ್ಡದಾಗಿ ಕಟ್ಟಬೇಡಿ.

ಮೀನನ್ನೆಲ್ಲಾ ಒಟ್ಟಿಗೆ ಬಿಟ್ಟು ಒಟ್ಟಿಗೆ ಹಿಡಿದರೆ, ಹಿಡಿದ ಮರುದಿನವೇ ಗಿಡಕ್ಕೆ ಉಪವಾಸ. ಇದಕ್ಕೆ ಪರಿಹಾರ ಹುಡುಕಿದವರು ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದ ಜೇಮ್ಸ್ ರಾಕೋಸಿ ಮತ್ತು ಅವರ ತಂಡ. ನಾಲ್ಕು ತೊಟ್ಟಿ, ಒಂದೊಂದರಲ್ಲೂ ಬೇರೆ ಬೇರೆ ವಯಸ್ಸಿನ ತಿಲಾಪಿಯಾ. ಒಂದು ತೊಟ್ಟಿಯ ಮೀನು ಬೆಳೆಯಲು 24 ವಾರ ಹಿಡಿದರೂ, ಆರು ವಾರಕ್ಕೊಮ್ಮೆ ಯಾವುದಾದರೂ ಒಂದು ತೊಟ್ಟಿ ಕೊಯ್ಲಿಗೆ ಬರುತ್ತದೆ. ಒಟ್ಟು ಮೇವಿನಲ್ಲಿ ದೊಡ್ಡ ಏರಿಳಿತ ಇರುವುದಿಲ್ಲ, ಕೈಗೆ ದುಡ್ಡೂ ಬರುತ್ತಿರುತ್ತದೆ. ಚಿಕ್ಕ ಫಾರಂ ಆದರೂ ತೊಟ್ಟಿ ಒಂದಕ್ಕಿಂತ ಜಾಸ್ತಿ ಇರಲಿ ಅನ್ನುವುದು ಇದಕ್ಕೇ.

ತಾರಸಿ ಮೇಲಾ? ಮೊದಲು ಭಾರ ನೋಡಿ

ಸಾವಿರ ಲೀಟರ್ ನೀರು ಅಂದರೆ ಒಂದು ಟನ್. ಗಿಡ ತೇಲಿಸುವ ತೊಟ್ಟಿಯಲ್ಲಿ 30 ಸೆಂಟಿಮೀಟರ್ ನೀರು ನಿಂತರೂ ಚದರ ಮೀಟರಿಗೆ 300 ಕಿಲೋ ಭಾರ. ಮೀನಿನ ತೊಟ್ಟಿ ಒಂದು ಮೀಟರ್ ಆಳ ಇದ್ದರೆ ಚದರ ಮೀಟರಿಗೆ ಒಂದು ಟನ್. ಸ್ಟ್ರಕ್ಚರಲ್ ಎಂಜಿನಿಯರ್ ಬರವಣಿಗೆಯಲ್ಲಿ ಒಪ್ಪಿಗೆ ಕೊಡುವವರೆಗೆ ತಾರಸಿಗೆ ನೀರು ತುಂಬಲೇಬೇಡಿ. ಮೀನಿನ ತೊಟ್ಟಿಗಳನ್ನು ನೆಲದಲ್ಲಿಟ್ಟು, ತೆಳುವಾಗಿ ನೀರು ಹರಿಯುವ ಕೊಳವೆಗಳನ್ನು ಮೇಲಿಡುವುದು ಒಂದು ದಾರಿ. ಆಗ ಭಾರ ತುಂಬಾ ತಗ್ಗುತ್ತದೆ, ಆದರೆ ನೀರು ಮೇಲೆತ್ತುವ ಕರೆಂಟ್ ಖರ್ಚು ಏರುತ್ತದೆ.

ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ

ಹೆಚ್ಚು ಜನ ತಾಳ್ಮೆ ಕಳೆದುಕೊಳ್ಳುವುದು ಇಲ್ಲೇ. ಮೀನು ಹೊರಹಾಕುವ ಅಮೋನಿಯಾ ಮೀನಿಗೇ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಗಿಡಕ್ಕೆ ಬೇಕಾದದ್ದು ಅದು. ಈ ಎರಡೂ ಜಾತಿ ಫಿಲ್ಟರಿನಲ್ಲಿ ನೆಲೆಯೂರಲು ಬೆಚ್ಚಗಿನ ನೀರಿನಲ್ಲಿ ನಾಲ್ಕರಿಂದ ಆರು ವಾರ ಬೇಕು. ಚಳಿ ಇದ್ದರೆ ಇನ್ನೂ ಜಾಸ್ತಿ.

ಮೀನು ಬಿಡದೆಯೇ ಇದನ್ನು ಮಾಡಿ. ನಲ್ಲಿ ನೀರಿನ ಕ್ಲೋರಿನ್ ಒಂದೆರಡು ದಿನ ಗಾಳಿ ಆಡಿಸಿದರೆ ಹೋಗುತ್ತದೆ. ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮಿನ್ ಇದ್ದರೆ ಹಾಗೆ ಹೋಗುವುದಿಲ್ಲ, ಕಾರ್ಬನ್ ಫಿಲ್ಟರ್ ಬೇಕು. ಆಮೇಲೆ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು ಲೀಟರಿಗೆ 2ರಿಂದ 4 ಮಿಲಿಗ್ರಾಂಗೆ ತನ್ನಿ. ದಿನಾ ಪರೀಕ್ಷಾ ಕಿಟ್‌ನಲ್ಲಿ ನೋಡುತ್ತಾ ಹೋಗಿ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ. ನಂತರ ನೈಟ್ರೈಟ್ ಇಳಿದು ನೈಟ್ರೇಟ್ ಏರುತ್ತದೆ. ಹಾಕಿದ ಅಮೋನಿಯಾ 24 ಗಂಟೆಯೊಳಗೆ ಸೊನ್ನೆಗೆ ಇಳಿದು, ನೈಟ್ರೈಟೂ ಸೊನ್ನೆ ಇದ್ದರೆ ಮೀನು ಬಿಡಬಹುದು. ಮೊದಲು ಸ್ವಲ್ಪ, ಆಮೇಲೆ ಹಂತ ಹಂತವಾಗಿ.

ಮೀನಿನ ಹೊಲಸನ್ನು ಬೇರೆ ಮಾಡುವ ಫಿಲ್ಟರಿಗೆ ಜಿಪುಣತನ ಬೇಡ. ಗಿಡವನ್ನು ಮೇಲೆತ್ತಿ ಬೇರು ನೋಡಿ. ಬಿಳಿ ಬೇರು ಇಳಿಬಿದ್ದಿದ್ದರೆ ಸರಿ. ಕಂದು ಲೋಳೆ ಮೆತ್ತಿಕೊಂಡಿದ್ದು ಕೆಟ್ಟ ವಾಸನೆ ಇದ್ದರೆ ಹೊಲಸು ಅಲ್ಲಿಯವರೆಗೂ ಬರುತ್ತಿದೆ, ಬೇರಿಗೆ ಉಸಿರು ಕಟ್ಟುತ್ತಿದೆ ಎಂದರ್ಥ.

ದಿನದ ಕಣ್ಗಾವಲು

ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಅನ್ನುವ ಅಳತೆ, 6.8ರಿಂದ 7ರ ಸುತ್ತ ಇರಲಿ. ಗಿಡಕ್ಕೆ ಇನ್ನೂ ಕಡಿಮೆ ಇಷ್ಟ, ಬ್ಯಾಕ್ಟೀರಿಯಾಕ್ಕೆ ಇನ್ನೂ ಜಾಸ್ತಿ ಇಷ್ಟ. ಇದು ಇಬ್ಬರನ್ನೂ ಒಪ್ಪಿಸಿದ ಮಧ್ಯದ ದಾರಿ. ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ಪಿಎಚ್ ತಾನಾಗಿ ಇಳಿಯುತ್ತದೆ. ಅದನ್ನು ಏರಿಸಲು ಪೊಟ್ಯಾಸಿಯಂ ಕಾರ್ಬೊನೇಟ್ ಒಮ್ಮೆ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇನ್ನೊಮ್ಮೆ, ಸ್ವಲ್ಪ ಸ್ವಲ್ಪವೇ ಹಾಕಿ. ಮೇವಿನಿಂದ ಗಿಡಕ್ಕೆ ಸಾಕಷ್ಟು ಸಿಗದ ಪೊಟ್ಯಾಸಿಯಂ, ಕ್ಯಾಲ್ಸಿಯಂ ಕೂಡ ಇದರಿಂದಲೇ ಸಿಗುತ್ತದೆ. ಕಬ್ಬಿಣವೂ ಮೇವಿನಿಂದ ಸಾಲದು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಎದ್ದು ಕಂಡರೆ ಕೀಲೇಟೆಡ್ ಕಬ್ಬಿಣ (ನೀರಿನಲ್ಲಿ ಕರಗಿಯೇ ಉಳಿದು ಗಿಡಕ್ಕೆ ಸಿಗುವ ರೂಪದ ಕಬ್ಬಿಣ) ಹಾಕಿ.

ಕೀಟನಾಶಕದ ಮಾತೇ ಬೇಡ, ಮೀನು ಸಾಯುತ್ತದೆ. ಮೀನಿಗೆ ಆ್ಯಂಟಿಬಯೋಟಿಕ್ ಕೊಟ್ಟರೆ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯಬಹುದು. ಕೀಟ ತಡೆಯಲು ಬಲೆ, ಎಲೆ ತಿನ್ನುವ ಹುಳುವಿಗೆ ಬಿಟಿ (ಅಂಥ ಹುಳುವನ್ನು ಕೊಲ್ಲುವ ಒಂದು ಬ್ಯಾಕ್ಟೀರಿಯಾ), ಗಿಡಹೇನು ತಿನ್ನುವ ಗುಲಗಂಜಿ ಹುಳು, ಇವೇ ನಿಮ್ಮ ಆಯುಧ. ಕೊಯ್ಯುವವರ ಕೈ ಶುಚಿಯಾಗಿರಲಿ, ಇಲಿ, ಹಕ್ಕಿ ಒಳಗೆ ಬರದಿರಲಿ, ತೊಟ್ಟಿಯ ನೀರು ಎಲೆಗೆ ತಾಗದಿರಲಿ. ತಿನ್ನುವವರ ಆರೋಗ್ಯದ ಪ್ರಶ್ನೆ ಇದು, ಅಲ್ವಾ?

ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿಯಬಾರದು. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಗಾಳಿ ಸಾಲುತ್ತಿಲ್ಲ ಅಂತ ಲೆಕ್ಕ. ಮೇವು ನಿಲ್ಲಿಸಿ, ಗಾಳಿ ಹೆಚ್ಚಿಸಿ. ಒತ್ತೊತ್ತಾಗಿ ಮೀನು ಬಿಟ್ಟ ತೊಟ್ಟಿಯಲ್ಲಿ ಕರೆಂಟ್ ಹೋಗಿ ಗಾಳಿ ನಿಂತರೆ ಒಂದು ಗಂಟೆಯೊಳಗೇ ಎಲ್ಲಾ ಮುಗಿದುಹೋಗಬಹುದು. ಹಾಗಾಗಿ ಬ್ಯಾಟರಿಯ ಏರ್ ಪಂಪು, ಮೊಬೈಲಿಗೆ ಬರುವ ಅಲಾರಂ ಎರಡನ್ನೂ ಮೀನು ತರುವ ಮೊದಲೇ ಜೋಡಿಸಿ. ಜೋಡಿಸಿದರೆ ಸಾಲದು. ತಿಂಗಳಿಗೊಮ್ಮೆ ಹಗಲು ಹೊತ್ತಿನಲ್ಲಿ, ನೀವು ಪಕ್ಕದಲ್ಲೇ ಇದ್ದುಕೊಂಡು, ಮೇನ್ ಸ್ವಿಚ್ ಆಫ್ ಮಾಡಿ. ಬ್ಯಾಟರಿ ತಾನಾಗಿ ಶುರುವಾಯಿತಾ, ಅಲಾರಂ ಬಂತಾ, ಎಷ್ಟು ಗಂಟೆ ಎಳೆಯಿತು ಅಂತ ನೋಡಿ, ಗೋಡೆಗೆ ನೇತುಹಾಕಿದ ಪುಸ್ತಕದಲ್ಲಿ ಬರೆದಿಡಿ.