ಹೊಗೆ ಒಳಗೇ ಬರುತ್ತಿದ್ದ ಅಸ್ತ್ರ ಒಲೆ: ನನ್ನ ಅನುಭವ

ಸಾಗರದ ಹತ್ತಿರದ ನಮ್ಮ ಹಂಚಿನ ಮನೆಗೆ ಕಳೆದ ಬೇಸಿಗೆಯಲ್ಲಿ ಅಸ್ತ್ರ ಒಲೆ ಹಾಕಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ರೂಪಿಸಿದ, ಹೊಗೆ ಪೈಪಿನಿಂದ ಮಾಡಿನ ಮೇಲಕ್ಕೆ ಹೋಗುವ ಅದೇ ಮೂರು ಪಾತ್ರೆಯ ಸೌದೆ ಒಲೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಉರಿಯಿತು. ಜೂನ್ ಗಾಳಿ ಶುರುವಾಗಿದ್ದೇ ತಡ, ಹೊಗೆಯೆಲ್ಲ ಅಡಿಗೆಮನೆಗೆ. "ಹಳೇ ಒಲೆಯೇ ವಾಸಿಯಿತ್ತು ಮಾರಾಯ" ಅಂತ ಅಮ್ಮ ದಿನಾ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೊದಲು ಸೌದೆ ಹಸಿ ಅಂದುಕೊಂಡೆ. ಒಣ ಕಟ್ಟಿಗೆ ಇಟ್ಟರೂ ಅದೇ ಕಥೆ. ಗಾಳಿ ಬೀಸುವಾಗ ಒಲೆಬಾಯಿಗೆ ಊದುಬತ್ತಿ ಹಿಡಿದರೆ ಅದರ ಹೊಗೆ ಒಳಗೆ ಹೋಗುವ ಬದಲು ನನ್ನ ಮುಖಕ್ಕೇ ಬಂತು.

ಮಳೆ ಬಿಟ್ಟಾಗ ಮಾಡು ಹತ್ತಿದೆ. ಪೈಪು ಹಂಚಿನಿಂದ ಒಂದೇ ಅಡಿ ಮೇಲಿತ್ತು. ಮಾಡಿನ ನೆತ್ತಿ ಅದಕ್ಕಿಂತ ಎತ್ತರ. ನೆತ್ತಿ ದಾಟಿದ ಗಾಳಿ ಕೆಳಕ್ಕೆ ಸುತ್ತಿ ಪೈಪಿನೊಳಕ್ಕೇ ನುಗ್ಗುತ್ತಿತ್ತು. ಸುತ್ತ ಹತ್ತಡಿ ದೂರದೊಳಗಿನ ಮಾಡಿನ ಯಾವುದೇ ಭಾಗಕ್ಕಿಂತ ಪೈಪಿನ ತುದಿ ಎರಡಡಿ ಮೇಲಿರಬೇಕು ಎಂಬ ಲೆಕ್ಕ ಹಿಡಿದು ಪೈಪು ಏರಿಸಿದೆ, ತಂತಿ ಬಿಗಿದೆ, ತಗಡಿನ ಟೊಪ್ಪಿ ಹಾಕಿದೆ. ಬೆಚ್ಚಿಬಿದ್ದದ್ದು ಬೇರೆಯದಕ್ಕೆ: ಪೈಪಿಗೆ ತಾಗಿದ್ದ, ಹಂಚು ಕೂರಿಸುವ ಮರದ ರೀಪು ಸುಟ್ಟು ಕಪ್ಪಾಗಿತ್ತು! ಅದನ್ನು ಕತ್ತರಿಸಿ ದೂರ ಸರಿಸಿ, ಸಂದಿಗೆ ತಗಡು ಕೂರಿಸಿದೆ.

ಈಗ ಹೊಗೆ ನೇರ ಮೇಲಕ್ಕೆ. ತೀರಾ ಥಂಡಿಯ ಬೆಳಿಗ್ಗೆ ಮಾತ್ರ ಪೈಪಿನ ಬುಡದಲ್ಲಿ ಒಂದು ಹಾಳೆ ಪೇಪರ್ ಉರಿಸಿ ಬಿಸಿ ಮಾಡಿಕೊಳ್ಳುತ್ತೇವೆ. ತಿಂಗಳಿಗೊಮ್ಮೆ ಮಸಿ ತೆಗೆಯುವ ಕೆಲಸ ನನ್ನ ತಲೆಗೇ ಬಿದ್ದಿದೆ.