ಹೊರರಾಜ್ಯದ ಕೆಲಸಗಾರರಿಗೆ ಇಲ್ಲೇ ರೇಷನ್ ಕೊಡಿಸುವುದು ಹೇಗೆ

"ಹೊರಗಿನವರು ಬಂದು ನಮ್ಮ ಅಕ್ಕಿ ತಿಂತಿದ್ದಾರೆ" ಅನ್ನೋ ಮಾತು ಬೆಂಗಳೂರಿನಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ನಿಮ್ಮ ಮನೆ ಕಟ್ಟುತ್ತಿರುವ ಬಿಹಾರ, ಒಡಿಶಾದವರನ್ನು ಒಮ್ಮೆ ಕೇಳಿ ನೋಡಿ. ಕಾರ್ಡ್ ಊರಲ್ಲಿದೆ, ಇಲ್ಲಿ ದುಡ್ಡು ಕೊಟ್ಟು ಅಕ್ಕಿ ತರುತ್ತೇವೆ ಅನ್ನುವವರೂ ಸಿಗುತ್ತಾರೆ.

ಅವರ ಊರಿನ ಕಾರ್ಡ್ ಇಲ್ಲೂ ನಡೆಯುತ್ತದೆ. 'ಒಂದು ದೇಶ ಒಂದು ಪಡಿತರ ಚೀಟಿ' 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ಹೊಸ ಕಾರ್ಡ್ ಮಾಡಿಸಬೇಕಿಲ್ಲ, ಹಳೆಯದನ್ನು ರದ್ದು ಮಾಡಿಸೋದಂತೂ ಬೇಡವೇ ಬೇಡ.

ಮೊದಲು ಊರಿನ ಕಾರ್ಡ್‌ಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ, 'ಮೇರಾ ರೇಷನ್' ಆ್ಯಪ್‌ನಲ್ಲಿ ಗೊತ್ತಾಗುತ್ತದೆ. ಆಮೇಲೆ ಹತ್ತಿರದ ನ್ಯಾಯಬೆಲೆ ಅಂಗಡಿಗೆ ಹೋಗಿ ಕಾರ್ಡ್ ನಂಬರ್ ಅಥವಾ ಆಧಾರ್ ನಂಬರ್ ಹೇಳಿ, ಮೆಷಿನ್‌ನಲ್ಲಿ ಬೆರಳು ಇಟ್ಟರೆ ಸಾಕು. ಸಿಮೆಂಟು ಕಲಸುವ ಕೈಯಲ್ಲಿ ಗೆರೆ ಸವೆದು ಬೆರಳಚ್ಚು ಬರೋದೇ ಇಲ್ಲ, ಇದು ಜಾಸ್ತಿ ಆಗುವ ತೊಂದರೆ. ಕೈ ಚೆನ್ನಾಗಿ ತೊಳೆದು ಬೇರೆ ಬೆರಳು ಇಡಿಸಿ, ಇಲ್ಲವೇ ಕಾರ್ಡ್‌ನಲ್ಲಿ ಹೆಸರಿರುವ ಇನ್ನೊಬ್ಬರು ಜೊತೆಗಿದ್ದರೆ ಅವರು ಕೊಡಲಿ. ಊರಲ್ಲಿ ಮನೆಯವರು ಆ ತಿಂಗಳ ಪಾಲು ಪೂರ್ತಿ ಎತ್ತಿದ್ದರೆ ಇಲ್ಲಿ ಏನೂ ಬರಲ್ಲ, ಅದಕ್ಕೇ ಮೊದಲು ಊರಿಗೆ ಒಂದು ಫೋನ್ ಮಾಡಿಸಿ. ಅಂಗಡಿಯವರು "ಬೇರೆ ಕಡೆ ಕಾರ್ಡ್, ಆಗಲ್ಲ" ಅಂತ ಸುಮ್ನೆ ಕಳಿಸಿದರೆ 14445ಕ್ಕೆ ಫೋನ್ ಮಾಡಿ.

ಸಿಗುವುದು ಕೇಂದ್ರದ ಪಾಲು ಮಾತ್ರ: ತಲೆಗೆ 5 ಕೆಜಿ, ಕಡುಬಡವರ ಅಂತ್ಯೋದಯ ಕಾರ್ಡ್ ಆದರೆ ಕಾರ್ಡಿಗೆ 35 ಕೆಜಿ. ನಮ್ಮ ರಾಜ್ಯ ಅದರ ಮೇಲೆ ಕೊಡುವುದು ನಮ್ಮ ಕಾರ್ಡ್‌ದಾರರಿಗಷ್ಟೇ. ಅಂದರೆ ನಮ್ಮ ಪಾಲಿಗೆ ಯಾರೂ ಕೈ ಹಾಕುತ್ತಿಲ್ಲ, ಅಲ್ವಾ? ಒಂದೇ ಸೈಟಿನಲ್ಲಿ ಕಲ್ಲು ಹೊರುವ ರಾಯಚೂರಿನ ಹೆಂಗಸು ಆಧಾರ್ ತೋರಿಸಿ ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ಪುಕ್ಕಟೆ ಹತ್ತುತ್ತಾಳೆ, ಪಕ್ಕದಲ್ಲೇ ನಿಂತ ಬಿಹಾರದವಳು ದುಡ್ಡು ಕೊಟ್ಟು ಟಿಕೆಟ್ ತಗೋತಾಳೆ. ಇಂದಿರಾ ಕ್ಯಾಂಟೀನ್‌ನಲ್ಲಿ ಮಾತ್ರ ಯಾರಿಗೂ ಊರು ಕೇಳಲ್ಲ.

ಇನ್ನೊಂದು, ಲೇಬರ್ ಕಾರ್ಡ್. ಕಟ್ಟಡ ಕೆಲಸದವರು 18ರಿಂದ 60ರ ಒಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಯಾವ ರಾಜ್ಯದವರಾದರೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಕೆಲಸ ಮಾಡಿದ್ದಕ್ಕೆ ಪತ್ರ ಬೇಕು, ಕಂಟ್ರಾಕ್ಟರ್‌ಗಳು ಸತಾಯಿಸೋದು ಇಲ್ಲೇ. ಕೊನೆಯ ಬಿಲ್ ಕೊಡುವ ಮೊದಲೇ ಆ ಪತ್ರಕ್ಕೆ ಅವರ ಸಹಿ ಹಾಕಿಸಿಕೊಳ್ಳಿ.